ಜೆಸಿಬಿ ತಟ್ಟು ಮಾಡಿದ ಮುರ ಮಣ್ಣಿನಲ್ಲಿ ತರಕಾರಿ ಬರಬೇಕಾದರೆ ಎಂತ ಮಾಡಬೇಕು?

ನೀರ್ಚಾಲು ಹಿತ್ತಿಲು · ಏಪ್ರಿಲ್
ಮನೆಯ ಹಿಂದಿನ ಗುಡ್ಡೆಯ ಒಂದು ಭಾಗವನ್ನು ಜೆಸಿಬಿಯಲ್ಲಿ ಕಡಿಸಿ ತಟ್ಟು (ಸಮತಟ್ಟು) ಮಾಡಿಸಿದ್ದೇವೆ. ಸುಮಾರು ಹತ್ತು ಸೆಂಟ್ಸ್ ಜಾಗ, ಎಕರೆಯ ಹತ್ತರಲ್ಲೊಂದು ಪಾಲು. ಮೇಲಿದ್ದ ಒಳ್ಳೆ ಮಣ್ಣೆಲ್ಲ ಅಡಿಗೆ ಹೋಗಿದೆ, ಈಗ ಕಾಣುವುದು ಬರೀ ಕೆಂಪು ಮುರ, ಅಂದರೆ ಜಂಬಿಟ್ಟಿಗೆ ಮಣ್ಣು. ಬೇಸಿಗೆಯಲ್ಲಿ ಪಿಕ್ಕಾಸು ಇಳಿಯುವುದಿಲ್ಲ, ಮಳೆಗಾಲದಲ್ಲಿ ಅದೇ ಮಣ್ಣು ಕೊಚ್ಚಿಕೊಂಡು ಅಂಗಳಕ್ಕೆ ಬರುತ್ತದೆ. ಕಳೆದ ವರ್ಷ ಬೆಂಡೆ, ಹೀರೆ, ಮುಳ್ಳುಸೌತೆ ಹಾಕಿದ್ದೆವು. ಗೇಣುದ್ದ ಬಂದು ಹಳದಿಯಾಗಿ ನಿಂತವು. ಹಟ್ಟಿಗೊಬ್ಬರ ಹೊರಗಿನಿಂದ ತರಿಸಬೇಕು. ಅದಕ್ಕೆ ಕೊಡುವ ದುಡ್ಡು ನೋಡಿದರೆ ತರಕಾರಿಯನ್ನೇ ಅಂಗಡಿಯಿಂದ ತರಬಹುದು, ಆದರೆ ಮಕ್ಕಳಿಗೆ ಮನೆಯಲ್ಲೇ ಬೆಳೆದದ್ದು ಕೊಡಬೇಕು ಅಂತ ಆಸೆ.

ಹೊದಿಕೆ ಬೆಳೆ ಹಾಕಿ, ಮೇಲೆ ತರಗೆಲೆ ಮುಚ್ಚಿ ಅಂತ ಎಲ್ಲರೂ ಹೇಳುತ್ತಾರೆ. ಯಾವ ಬೆಳೆ, ಯಾವಾಗ, ಎಷ್ಟು ದಪ್ಪ ಮುಚ್ಚಬೇಕು? ಯೂಟ್ಯೂಬಿನಲ್ಲಿ ನೋಡಿದ್ದೆಲ್ಲ ಬಯಲುಸೀಮೆಯವರದ್ದು, ಅವರ ಮಳೆ ಬೇರೆ ನಮ್ಮ ಮಳೆ ಬೇರೆ, ಅಲ್ವಾ? ನೀರು ಸುರಂಗದ್ದು, ಗುಡ್ಡೆಗೆ ಅಡ್ಡಲಾಗಿ ಕೊರೆದದ್ದು. ಮಾರ್ಚ್ ಕಳೆದ ಮೇಲೆ ಮನೆ ಖರ್ಚಿಗೆ ಮಾತ್ರ ಸಾಕಾಗುತ್ತದೆ. ಗೊತ್ತಿದ್ದವರು ದಯವಿಟ್ಟು ಹೇಳಿ.

ಪೆರ್ಲದ ಅಡಿಕೆ
ಬೆಳೆಯ ಮಾತು ಆಮೇಲೆ. ತಟ್ಟಿನ ನೀರು ಎಲ್ಲಿಗೆ ಹೋಗುತ್ತದೆ ಅಂತ ಮೊದಲು ನೋಡಿ. ಹೊರ ಅಂಚಿಗೆ ಇಳಿಜಾರಿದ್ದರೆ ನೀವು ಹಾಕಿದ ಗೊಬ್ಬರ, ಸೊಪ್ಪು, ಬೀಜ ಎಲ್ಲ ಜೂನ್‌ನಲ್ಲೇ ತೋಡಿಗೆ. ಒಳಬದಿಗೆ ಸ್ವಲ್ಪ ವಾಟ ಕೊಟ್ಟು ಬರೆಯ (ಗುಡ್ಡೆ ಕಡಿದ ಗೋಡೆಯ) ಬುಡದಲ್ಲಿ ಒಂದು ಕಣಿ (ಕಾಲುವೆ) ಮಾಡಿ. ಹೊರ ಅಂಚಿನಲ್ಲಿ ಲಾವಂಚವನ್ನೋ ಅನಾನಸನ್ನೋ ಒತ್ತಾಗಿ ನೆಡಿ. ಅದರ ಹಿಂದೆ ಗ್ಲಿರಿಸಿಡಿಯ ಗೂಟ ಊರಿ, ನಮ್ಮ ಕಡೆ ಗೊಬ್ಬರದ ಗಿಡ ಅಂತ ಹೇಳುವುದು ಅದನ್ನೇ. ಮೊದಲ ಮಳೆಗೆ ಊರಿದರೆ ಹಿಡಿಯುತ್ತದೆ. ಮುಂದೆ ಸೊಪ್ಪಿಗೆ ಗುಡ್ಡೆ ಹತ್ತುವ ಕೆಲಸ ಇಲ್ಲ.

ಅಡೂರು ಗುಡ್ಡೆ
ಪೆರ್ಲದ ಅಣ್ಣ ಹೇಳಿದ್ದು ಸರಿ, ಕಣಿಯೇ ಮೊದಲು. ಉಳಿದದ್ದನ್ನು ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ, ಮುರ ಜಾಗದ ಬಗ್ಗೆ ಅರ್ಧಂಬರ್ಧ ಮಾಹಿತಿಯೇ ಜಾಸ್ತಿ ಓಡಾಡುತ್ತಿದೆ.

ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ. ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ಇಷ್ಟು ನೀರು ಇಳಿದು ಇಳಿದು ಮಣ್ಣಿನ ಸುಣ್ಣ, ಮೆಗ್ನೀಷಿಯಂ, ಪೊಟ್ಯಾಷ್ ತೊಳೆದು ಹೋಗಿವೆ. ಕಬ್ಬಿಣ, ಅಲ್ಯುಮಿನಿಯಂ ಉಳಿದಿವೆ. ಕೆಂಪು ಬಣ್ಣ ಆ ಕಬ್ಬಿಣದ್ದೇ. ಹಾಗಾಗಿ ಮಣ್ಣು ಹುಳಿ. ಹುಳಿ ಮಣ್ಣಿನಲ್ಲಿ ನೀವು ಹಾಕಿದ ರಂಜಕವನ್ನು ಕಬ್ಬಿಣ, ಅಲ್ಯುಮಿನಿಯಂ ಹಿಡಿದುಕೊಳ್ಳುತ್ತವೆ, ಗಿಡಕ್ಕೆ ಸಿಗುವುದಿಲ್ಲ. ದ್ವಿದಳ ಗಿಡಗಳ ಬೇರಿನಲ್ಲಿ ಗಂಟು ಕಟ್ಟಿ ಗಾಳಿಯ ಸಾರಜನಕ ಹಿಡಿಯುವ ಬ್ಯಾಕ್ಟೀರಿಯ ಇದೆಯಲ್ಲ, ಅದಕ್ಕೂ ತೀರಾ ಹುಳಿ ಆಗುವುದಿಲ್ಲ. ಸುಣ್ಣ ಹಾಕದೆ ಸುಮ್ನೆ ಬೀಜ ಎರಚಿದರೆ ಸೊಪ್ಪೂ ಕಮ್ಮಿ, ಸಾರಜನಕವೂ ಕಮ್ಮಿ.

ಈಗಲೇ ಮಣ್ಣಿನ ಸ್ಯಾಂಪಲ್ ತೆಗೆದು ಪಂಚಾಯತಿನ ಕೃಷಿ ಭವನಕ್ಕೆ ಕೊಡಿ. ಎಷ್ಟು ಸುಣ್ಣ ಅಂತ ಅದರ ಮೇಲೆ ನಿರ್ಧಾರ ಮಾಡಿ. ಕೃಷಿ ಸುಣ್ಣ ಅಥವಾ ಡಾಲಮೈಟ್, ಎರಡೂ ಆಗುತ್ತದೆ. ಡಾಲಮೈಟಿನಲ್ಲಿ ಮೆಗ್ನೀಷಿಯಂ ಕೂಡ ಇರುವುದರಿಂದ ನಮ್ಮ ಮಣ್ಣಿಗೆ ನಾನು ಅದನ್ನೇ ಇಷ್ಟಪಡುತ್ತೇನೆ. ಮೇ ತಿಂಗಳ ಮಳೆ ಒಂದೆರಡು ಬಿದ್ದು ಮಣ್ಣು ಸ್ವಲ್ಪ ಮೆತ್ತಗಾದಾಗ ಎರಚಿ, ಮೇಲ್ಮೈಯನ್ನು ಕೆದಕಿ ಬೆರೆಸಿ. ಅದೇ ದಿನ ಹಟ್ಟಿಗೊಬ್ಬರ ಹಾಕಬೇಡಿ. ಸುಣ್ಣ ಮತ್ತು ಗೊಬ್ಬರ ಒಟ್ಟಿಗೆ ಸೇರಿದರೆ ಸಾರಜನಕ ಅಮೋನಿಯ ಆಗಿ ಹಾರಿ ಹೋಗುತ್ತದೆ. ಎರಡು ವಾರ ಬಿಟ್ಟು ಗೊಬ್ಬರ. ರಾಕ್ ಫಾಸ್ಫೇಟ್ ಸಿಕ್ಕಿದರೆ ಹೊದಿಕೆ ಬೆಳೆಗೇ ಕೊಡಿ. ಹುಳಿ ಮಣ್ಣಿನಲ್ಲಿ ಅದು ನಿಧಾನಕ್ಕೆ ಕರಗುತ್ತದೆ, ದ್ವಿದಳದ ಬೇರು ಎಳೆದುಕೊಳ್ಳುತ್ತದೆ, ಸೊಪ್ಪು ಕೊಳೆತಾಗ ಮುಂದಿನ ತರಕಾರಿಗೆ ಸಿಗುತ್ತದೆ.

ಬಿತ್ತಲಿಕ್ಕೆ ಪತ್ತನಾಜೆಯ ಹೊತ್ತು, ಅಂದರೆ ಮೇ ಕೊನೆಯ ವಾರ ಒಳ್ಳೆಯದು. ಜಡಿಮಳೆ ಹಿಡಿಯುವ ಮೊದಲು ಗಿಡ ಒಂದು ಗೇಣು ಬಂದು ನೆಲ ಮುಚ್ಚಿರಬೇಕು, ನಮ್ಮ ಊರಿನ ಲೆಕ್ಕ ಇಷ್ಟೇ. ಜೂನ್ ಮಧ್ಯದಲ್ಲಿ ಬಿತ್ತಿದರೆ ಬೀಜ ತೇಲಿಕೊಂಡು ಹೋಗುತ್ತದೆ, ಉಳಿದದ್ದು ಕೊಳೆಯುತ್ತದೆ. ನಿಮ್ಮದು ಬಿಸಿಲು ಬೀಳುವ ಜಾಗ, ಹಾಗಾಗಿ ಸೆಣಬು (ಹಸಿರೆಲೆ ಗೊಬ್ಬರದ ಸನ್‌ಹೆಂಪ್, ಗೋಣಿಯ ಸೆಣಬು ಅಲ್ಲ) ಬರುತ್ತದೆ. ಎಕರೆಗೆ 10ರಿಂದ 15 ಕೆಜಿ ಬೀಜ ಹಾಕುತ್ತಾರೆ, ಹತ್ತು ಸೆಂಟ್ಸಿಗೆ ಒಂದೂವರೆ ಕೆಜಿ ಧಾರಾಳ. ನೀರು ನಿಲ್ಲುವ ಮೂಲೆ ಇದ್ದರೆ ಅಲ್ಲಿ ಡಯಾಂಚ ಹಾಕಿ, ಅದೂ ಹಸಿರೆಲೆ ಗೊಬ್ಬರದ ಗಿಡವೇ, ಅದಕ್ಕೆ ನೀರಿನಲ್ಲಿ ನಿಲ್ಲುವ ಶಕ್ತಿ ಇದೆ. ಅಂಚಿನ ಎತ್ತರದ ಜಾಗಕ್ಕೆ ಅಲಸಂಡೆ.

ನೀರ್ಚಾಲು ಹಿತ್ತಿಲು
ತುಂಬಾ ಉಪಕಾರ ಅಣ್ಣಾ. ಎರಡು ಸಂಶಯ. ಗಂಟು ಕಟ್ಟಿದೆಯೋ ಇಲ್ಲವೋ ಅಂತ ಹೇಗೆ ಗೊತ್ತಾಗುವುದು? ಮತ್ತೆ ಹೂ ಬಂದಾಗ ಮಣ್ಣಿಗೆ ಸೇರಿಸಬೇಕು ಅಂತ ಓದಿದೆ. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಅಗೆಯುವುದು ಹೇಗೆ?

ಅಡೂರು ಗುಡ್ಡೆ
ಬಿತ್ತಿ ಒಂದು ತಿಂಗಳಾದ ಮೇಲೆ ಒಂದೆರಡು ಗಿಡ ಬೇರು ಸಮೇತ ಮೆಲ್ಲ ಎಬ್ಬಿಸಿ. ಗಂಟನ್ನು ಉಗುರಿನಲ್ಲಿ ಸೀಳಿ ನೋಡಿ. ಒಳಗೆ ನಸುಗೆಂಪು ಇದ್ದರೆ ಕೆಲಸ ನಡೆಯುತ್ತಿದೆ. ಬಿಳಿ ಅಥವಾ ಹಸಿರು ಇದ್ದರೆ ಇನ್ನೂ ಶುರುವಾಗಿಲ್ಲ ಅಥವಾ ಮುಗಿದಿದೆ.

ಅಗೆಯಲೇಬೇಡಿ. ಬಯಲುಸೀಮೆಯಲ್ಲಿ ಉತ್ತು ಸೇರಿಸುತ್ತಾರೆ, ಅಲ್ಲಿಗೆ ಅದು ಸರಿ. ನಮ್ಮಲ್ಲಿ ಜುಲೈ ಮಳೆಗೆ ಮಣ್ಣು ಸಡಿಲ ಮಾಡಿದರೆ ಇಷ್ಟರವರೆಗೆ ಹಿಡಿದಿಟ್ಟದ್ದು ಒಂದೇ ರಾತ್ರಿಯಲ್ಲಿ ಹೋಗುತ್ತದೆ, ಸೊಪ್ಪಿನಿಂದ ಬಿಡುಗಡೆಯಾಗುವ ಸಾರಜನಕವೂ ನೀರಿನ ಒಟ್ಟಿಗೆ ಕೆಳಗೆ ಇಳಿಯುತ್ತದೆ. ಮೊದಲ ಹೂ ಕಂಡಾಗ, ಅಂದರೆ 45ರಿಂದ 60 ದಿನದ ಒಳಗೆ, ಕತ್ತಿಯಲ್ಲಿ ಬುಡದಿಂದ ಕೊಯ್ದು ಅಲ್ಲೇ ಮಲಗಿಸಿ. ಬೇರು ಮಣ್ಣಿನಲ್ಲೇ ಇರಲಿ. ಅದು ಕೊಳೆತ ದಾರಿಯಲ್ಲೇ ಮುಂದಿನ ಗಿಡದ ಬೇರು ಇಳಿಯುವುದು. ಮುರದಂಥ ಗಟ್ಟಿ ಮಣ್ಣಿನಲ್ಲಿ ಪಿಕ್ಕಾಸಿಗಿಂತ ಸೆಣಬಿನ ತಾಯಿಬೇರು ಒಳ್ಳೆ ಕೆಲಸ ಮಾಡುತ್ತದೆ. ಹೂ ಕಳೆದು ಕಾಯಿಯಾಗಲು ಬಿಟ್ಟರೆ ದಂಟು ನಾರಾಗುತ್ತದೆ, ಕೊಳೆಯಲು ತಿಂಗಳುಗಟ್ಟಲೆ ಬೇಕು.

ಮುಳ್ಳೇರಿಯ ರಬ್ಬರ್
ನಮ್ಮ ರಬ್ಬರ್ ತೋಟದಲ್ಲಿ ಮ್ಯೂಕುನಾ ಬ್ರಾಕ್ಟಿಯೇಟಾ ಎಂಬ ಹೊದಿಕೆ ಬಳ್ಳಿ ಇದೆ. ಮಣ್ಣು ಸವೆಯುವುದು ಪೂರ್ತಿ ನಿಂತಿದೆ, ಬಳ್ಳಿಯ ಅಡಿಯಲ್ಲಿ ಕೈ ಹಾಕಿದರೆ ಬೇಸಿಗೆಯಲ್ಲೂ ತಂಪು. ಹತ್ತು ಸೆಂಟ್ಸಿಗೆ ಎರಡು ಮೂರು ಗಿಡ ನೆಟ್ಟರೆ ಸಾಕು, ಎಲ್ಲ ಮುಚ್ಚಿಬಿಡುತ್ತದೆ. ಬಿತ್ತುವ ಗೋಜೇ ಇಲ್ಲ.

ಪೆರ್ಲದ ಅಡಿಕೆ
ರಬ್ಬರಿಗೆ ಅದು ಸರಿ. ತರಕಾರಿ ಹಿತ್ತಿಲಿಗೆ ಬೇಡ ಅಂತ ನನ್ನ ಗಟ್ಟಿ ಅಭಿಪ್ರಾಯ. ಅದು ವರ್ಷವಿಡೀ ಇರುವ ಬಳ್ಳಿ. ತಿರುಗಿ ನೋಡುವಷ್ಟರಲ್ಲಿ ಬಾಳೆಗೆ ಹತ್ತಿರುತ್ತದೆ, ಅಡಿಕೆ ಸಸಿಯನ್ನು ಸುತ್ತಿ ಬಗ್ಗಿಸುತ್ತದೆ. ತರಕಾರಿ ಜಾಗಕ್ಕೆ ಬೇಕಾದಾಗ ಕೊಯ್ದು ಮುಗಿಸಬಹುದಾದ ಬೆಳೆಯೇ ಆಗಬೇಕು. ಮಕ್ಕಳು ಓಡಾಡುವ ಮನೆಯ ಹಿಂದೆ ಅಷ್ಟು ದಟ್ಟ ಬಳ್ಳಿ ಇದ್ದರೆ ಕನ್ನಡಿ ಹಾವು ಇದ್ದರೂ ಕಾಣುವುದಿಲ್ಲ.

ಹಳೆ ತೋಟ, ಬದಿಯಡ್ಕ
ನಾವು ಸಣ್ಣದಿರುವಾಗ ಈ ಬೆಳೆ ಗಿಳೆ ಎಲ್ಲ ಇರಲಿಲ್ಲ. ತರಗೆಲೆ, ಮಣ್ಣು ಒಂದರ ಮೇಲೊಂದು ಪದರ ಹಾಕಿ ಸುಡುಮಣ್ಣು ಮಾಡುತ್ತಿದ್ದೆವು. ಆ ಸುಡುಮಣ್ಣಿಗೆ ಬಿತ್ತಿದ ಸೌತೆ, ಕುಂಬಳ, ಹರಿವೆಯ ರುಚಿ ಈಗ ಎಲ್ಲಿದೆ ಮಾರಾಯ್ರೆ? ಗೆದ್ದಲು ಬರುತ್ತಿರಲಿಲ್ಲ, ಹುಳ ಬರುತ್ತಿರಲಿಲ್ಲ. ನೀವು ಅದನ್ನು ಯಾಕೆ ಬಿಡುತ್ತೀರಿ?

ಅಡೂರು ಗುಡ್ಡೆ
ಮಾವ, ಸುಡುಮಣ್ಣಿನ ಹರಿವೆ ತಿಂದೇ ನಾನೂ ದೊಡ್ಡವನಾದದ್ದು. ಅದು ಸುಳ್ಳು ಅಂತ ಯಾರೂ ಹೇಳುವ ಹಾಗಿಲ್ಲ. ಬೂದಿಯಲ್ಲಿ ಪೊಟ್ಯಾಷ್ ಇದೆ, ಸುಣ್ಣದ ಅಂಶ ಇದೆ, ಹುಳಿ ಮಣ್ಣಿಗೆ ಎರಡೂ ಬೇಕು. ಶಾಖಕ್ಕೆ ಮಣ್ಣಿನ ಹುಳ, ಕಳೆಬೀಜ ಸಾಯುತ್ತವೆ. ಆದರೆ ಎಲೆಯಲ್ಲಿದ್ದ ಸಾರಜನಕ ಹೊಗೆಯಾಗಿ ಹೋಗುತ್ತದೆ, ಇಂಗಾಲವೂ ಹೋಗುತ್ತದೆ. ಆಗ ಮನೆ ತುಂಬ ದನ ಇತ್ತು, ಹಟ್ಟಿಗೆ ಗುಡ್ಡೆಯ ಸೊಪ್ಪು ದಿನಾ ಬೀಳುತ್ತಿತ್ತು, ಸುಟ್ಟು ಕಳೆದದ್ದನ್ನು ಹಟ್ಟಿಗೊಬ್ಬರ ತುಂಬಿಸುತ್ತಿತ್ತು. ಈಗ ಹಟ್ಟಿಯೇ ಇಲ್ಲದ ಮನೆಗಳು ಜಾಸ್ತಿ. ಇರುವ ತರಗೆಲೆಯನ್ನೂ ಸುಟ್ಟರೆ ಮಣ್ಣಿಗೆ ಬೇರೆ ಎಲ್ಲಿಂದ ಬರಬೇಕು? ಬೀಜ ಮೊಳೆಯಿಸುವ ಮಡಿಗೆ, ತೊಂಡೆಯ ಗುಂಡಿಗೆ ಒಂದೆರಡು ಬುಟ್ಟಿ ಸುಡುಮಣ್ಣು ಖಂಡಿತ ಮಾಡಿ. ರೋಗ ಬಂದ ಗಿಡ, ಕಳೆಬೀಜ ತುಂಬಿದ ಕಸ ಅದಕ್ಕೆ ಹೋಗಲಿ. ಒಳ್ಳೆ ಎಲೆ ಮಣ್ಣಿನ ಮೇಲೆ ಇರಲಿ.

ಹಳೆ ತೋಟ, ಬದಿಯಡ್ಕ
ಹಟ್ಟಿಯ ವಿಷಯ ನೀನು ಹೇಳಿದ್ದು ಹೌದು. ನಮ್ಮಲ್ಲಿ ಈಗ ಕಾಸರಗೋಡು ಗಿಡ್ಡ ದನ ಒಂದೇ ಇರುವುದು. ಸೊಪ್ಪು ಹಾಕಲಿಕ್ಕೆ ಜನವೂ ಇಲ್ಲ.

ಮಂಜೇಶ್ವರ ಹೊಯಿಗೆ
ನಮ್ಮದು ಕಡಲ ಬದಿ, ಪೂರಾ ಹೊಯಿಗೆ (ಮರಳು). ನಿಮಗೆ ನೀರು ನಿಲ್ಲುವ ಚಿಂತೆ, ನಮಗೆ ನಿಲ್ಲದ ಚಿಂತೆ. ಎಷ್ಟು ಗೊಬ್ಬರ ಹಾಕಿದರೂ ಒಂದು ಮಳೆಗಾಲಕ್ಕೆ ಖಾಲಿ. ಇಲ್ಲಿ ಕೆಲಸ ಮಾಡಿದ್ದು ತೆಂಗಿನ ಸಿಪ್ಪೆ ಮತ್ತು ಅಲಸಂಡೆ. ತೆಂಗಿನ ಬುಡದಲ್ಲಿ 1.8 ಮೀಟರ್ ದೂರದವರೆಗೆ ವೃತ್ತ ಬಿಡಿಸಿ, ಮಳೆಯ ಆರಂಭಕ್ಕೆ ಬುಡವೊಂದಕ್ಕೆ 50ರಿಂದ 100 ಗ್ರಾಂ ಅಲಸಂಡೆ ಬೀಜ. ಹೂ ಬರುವ ಹೊತ್ತಿಗೆ ಅಲ್ಲೇ ಕೊಯ್ದು ಮೇಲೆ ಮಡಲು (ತೆಂಗಿನ ಗರಿ) ಮುಚ್ಚುತ್ತೇವೆ. ತರಕಾರಿ ಸಾಲಿನ ಅಡಿಯಲ್ಲೂ ಸಿಪ್ಪೆ ಹೂತಿದ್ದೇವೆ, ನೀರು ಬಿಡುವುದು ಈಗ ಎರಡು ದಿನಕ್ಕೊಮ್ಮೆ ಸಾಕಾಗುತ್ತದೆ.

ಸಿಪ್ಪೆಯನ್ನು ಕವುಚಿ ಇಡಬೇಕೋ, ಅಂಗಾತ ಇಡಬೇಕೋ ಅಂತ ನಮ್ಮಲ್ಲಿ ದೊಡ್ಡ ಚರ್ಚೆ. ಯಾರಾದರೂ ಒಂದು ತೀರ್ಮಾನ ಹೇಳಿ.

ಕುಂಬಳೆ ತೆಂಗು
ಎರಡೂ ಸರಿ, ಜಾಗ ಬೇರೆ. ಕಣಿ ತೆಗೆದು ಹೂಳುವಾಗ ಗುಳಿ ಇರುವ ಬದಿ ಮೇಲಕ್ಕೆ, ನೀರು ಅದರಲ್ಲಿ ನಿಂತು ಸಿಪ್ಪೆ ಕುಡಿಯಬೇಕು. ಮಣ್ಣಿನ ಮೇಲೆ ಹೊದಿಕೆಯಾಗಿ ಹಾಸುವಾಗ ಕವುಚಿ, ಬೆನ್ನು ಮೇಲಕ್ಕೆ. ಮೇಲೆ ಹಾಸಿದ್ದರಲ್ಲಿ ನೀರು ನಿಂತರೆ ಸೊಳ್ಳೆ ಮೊಟ್ಟೆ ಇಡುತ್ತದೆ, ನಮ್ಮ ಕಡೆ ಡೆಂಗ್ಯೂ ಬರುವ ಕಾಲದಲ್ಲಿ ಅದು ಸಣ್ಣ ವಿಷಯ ಅಲ್ಲ. ಸಿಪ್ಪೆ ತನ್ನ ತೂಕದ ಮೂರರಿಂದ ಐದು ಪಟ್ಟು ನೀರು ಹಿಡಿಯುತ್ತದೆ. ಹೂತದ್ದರ ಪ್ರಯೋಜನ ಐದಾರು ವರ್ಷ ಸಿಗುತ್ತದೆ. ಕೂಡ್ಲಿನ ಸಿಪಿಸಿಆರ್‌ಐಯವರು (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಸಿಪ್ಪೆ ಹೂಳಲು ಹೇಳುವುದು ಇದಕ್ಕೇ. 1916ರಲ್ಲಿ ತೆಂಗಿನ ಸಂಶೋಧನೆಗೆ ಶುರುವಾದ ಕೇಂದ್ರ ನಮ್ಮ ಊರಲ್ಲೇ ಇದೆ, ಒಮ್ಮೆ ಹೋಗಿ ಅವರ ತೋಟ ನೋಡಿ ಬನ್ನಿ.

ನೀರ್ಚಾಲು ಹಿತ್ತಿಲು
ನಮಗೆ ಹತ್ತಿರದ ಮಿಲ್ಲಿನಿಂದ ಮರದ ಹೊಟ್ಟು ಸುಮ್ನೆ ಸಿಗುತ್ತದೆ, ಅದನ್ನು ಮಣ್ಣಿಗೆ ಬೆರೆಸಿದರೆ ಮಣ್ಣು ಸಡಿಲ ಆಗುವುದಿಲ್ಲವಾ?

ಅಡೂರು ಗುಡ್ಡೆ
ಬೆರೆಸಬೇಡಿ, ಅಕ್ಕ. ಕೊಳೆಸುವ ಸೂಕ್ಷ್ಮಜೀವಿಗಳಿಗೆ ಸುಮಾರು 25 ಪಾಲು ಇಂಗಾಲಕ್ಕೆ ಒಂದು ಪಾಲು ಸಾರಜನಕ ಬೇಕು. ಮರದ ಹೊಟ್ಟಿನಲ್ಲಿ ಒಂದು ಪಾಲು ಸಾರಜನಕಕ್ಕೆ ಇಂಗಾಲ 200ಕ್ಕಿಂತಲೂ ಜಾಸ್ತಿ. ಕೊರತೆಯ ಸಾರಜನಕವನ್ನು ಅವು ಮಣ್ಣಿನಿಂದ ಎಳೆಯುತ್ತವೆ, ನಿಮ್ಮ ಬೆಂಡೆ ಮತ್ತೆ ಹಳದಿ. ಹಸಿ ತೆಂಗಿನ ನಾರಿನ ಹುಡಿ, ಹಸಿ ಅಡಿಕೆ ಸಿಪ್ಪೆ ಬೆರೆಸಿದರೂ ಇದೇ ಕತೆ. ಮೇಲೆ ಮಾತ್ರ ಹಾಸಿದರೆ ಅಷ್ಟು ತೊಂದರೆ ಇಲ್ಲ, ಮಣ್ಣಿಗೆ ತಾಗುವ ಒಂದು ಪದರದಲ್ಲಿ ಮಾತ್ರ ಈ ಎಳೆದಾಟ ನಡೆಯುತ್ತದೆ. ಹೊಟ್ಟನ್ನು ನಡೆಯುವ ದಾರಿಗೆ ಹಾಕಿ. ಸಾಲಿಗೆ ಕೆಳಗೆ ಗ್ಲಿರಿಸಿಡಿಯ ಅಥವಾ ಸೆಣಬಿನ ಹಸಿ ಸೊಪ್ಪು, ಅದರ ಮೇಲೆ ತರಗೆಲೆ. ಹಸಿ ಸೊಪ್ಪು ಬೇಗ ಕೊಳೆತು ಗಿಡಕ್ಕೆ ಉಣಿಸುತ್ತದೆ, ತರಗೆಲೆ ನಿಧಾನಕ್ಕೆ ಕೊಳೆಯುತ್ತಾ ನೆಲ ಕಾಯುತ್ತದೆ. ಕಮ್ಯುನಿಸ್ಟ್ ಸೊಪ್ಪೂ (ಎಲ್ಲೆಡೆ ಹಬ್ಬುವ ಕ್ರೊಮೊಲೀನಾ ಕಳೆ) ಒಳ್ಳೆಯದೇ, ಆದರೆ ಹೂ ಬರುವ ಮೊದಲು ಕೊಯ್ಯಬೇಕು, ಬೀಜ ಆದ ಮೇಲೆ ತಂದರೆ ಹಿತ್ತಿಲೇ ಅದರದ್ದಾಗುತ್ತದೆ.

ಹೊಸ ಕೃಷಿಕ
ಇಷ್ಟೆಲ್ಲ ಯಾಕೆ? ಒಮ್ಮೆ ಕಳೆನಾಶಕ ಹೊಡೆದು ಕಳೆಯನ್ನು ಸಾಯಿಸಿ, ಅದೇ ಒಣಗಿ ಹೊದಿಕೆ ಆಗುತ್ತದಲ್ಲ?

ಎಣ್ಮಕಜೆ ಬೈಲು
ನಿಮ್ಮ ಪ್ರಾಯ ಗೊತ್ತಿಲ್ಲ, ಸಿಟ್ಟು ಮಾಡಬೇಡಿ. ನಮ್ಮ ಪಂಚಾಯತಿನ ಗೇರು ಗುಡ್ಡೆಗಳ ಮೇಲೆ ವರ್ಷಗಟ್ಟಲೆ ಹೆಲಿಕಾಪ್ಟರ್‌ನಲ್ಲಿ ಎಂಡೋಸಲ್ಫಾನ್ ಸುರಿದರು. 2000ದಲ್ಲಿ ಆ ಸಿಂಪಡಣೆ ನಿಂತಿತು, 2011ರಲ್ಲಿ ಸುಪ್ರೀಂ ಕೋರ್ಟ್ ದೇಶಕ್ಕೇ ನಿಷೇಧ ಹಾಕಿತು. ಕೆಲವು ಮನೆಗಳಲ್ಲಿ ಮಕ್ಕಳು ಇವತ್ತಿಗೂ ಹಾಸಿಗೆಯಲ್ಲೇ ಇದ್ದಾರೆ. ಕಳೆನಾಶಕ ಬೇರೆ ವಿಷ, ಅದು ನನಗೂ ಗೊತ್ತು. ಆದರೆ ಗುಡ್ಡೆಯ ಮೇಲೆ ಹೊಡೆದದ್ದು ಕೆಳಗಿನ ಸುರಂಗಕ್ಕೆ, ಬಾವಿಗೆ, ತೋಡಿಗೆ ಇಳಿಯುವ ಊರು ನಮ್ಮದು. ಇವರು ಸುರಂಗದ ನೀರು ಕುಡಿಯುತ್ತೇವೆ ಅಂತ ಮೊದಲೇ ಬರೆದಿದ್ದಾರೆ. ಕಳೆಯನ್ನು ಹೂ ಬರುವ ಮೊದಲು ಕೊಯ್ದು ಅಲ್ಲೇ ಹಾಕಿ, ಅದೇ ಹೊದಿಕೆ. ಯಂತ್ರ ಇದ್ದರೆ ಹತ್ತು ಸೆಂಟ್ಸ್ ಒಂದು ಬೆಳಗಿನ ಕೆಲಸ.

ಹೊಸ ಕೃಷಿಕ
ಸರಿ ಅಣ್ಣ, ಸುರಂಗದ ವಿಷಯ ಯೋಚನೆಗೆ ಬಂದಿರಲಿಲ್ಲ. ನಮ್ಮದು ಅಡಿಕೆ ತೋಟ. ಅದರೊಳಗೆ ಸೆಣಬು ಬರುತ್ತದಾ?

ಪೆರ್ಲದ ಅಡಿಕೆ
ಫಸಲು ಬರುವ ತೋಟದಲ್ಲಿ ಬರುವುದಿಲ್ಲ. 9 ಅಡಿ ಅಂತರದ ಅಡಿಕೆ ಬೆಳೆದು ನಿಂತರೆ ಕೆಳಗೆ ಬಿಸಿಲೇ ಇಲ್ಲ, ಸೆಣಬು ಬಿಳಿಚಿ ಉದ್ದವಾಗಿ ಬೀಳುತ್ತದೆ. ಹೊಸ ಸಸಿ ತೋಟಕ್ಕಾದರೆ ಮೊದಲ ಎರಡು ಮೂರು ವರ್ಷ ಚೆನ್ನಾಗಿ ಬರುತ್ತದೆ, ಸಸಿಯ ಬುಡದಿಂದ ಎರಡಡಿ ಬಿಟ್ಟು ಹಾಕಿ.

ದೊಡ್ಡ ತೋಟದ ಹೊದಿಕೆ ಮರವೇ ಕೊಡುತ್ತದೆ. ಸೋಗೆ, ಹಾಳೆ, ಅಡಿಕೆ ಸಿಪ್ಪೆ, ಬಾಳೆಯ ದಂಟು. ಇದನ್ನೆಲ್ಲ ಹೊರಗೆ ಸಾಗಿಸಿ ಬೆಂಕಿ ಕೊಡುವುದನ್ನು ನೋಡುವಾಗ ನನಗೆ ಹೊಟ್ಟೆ ಉರಿಯುತ್ತದೆ. ಸೋಗೆಯನ್ನು ಎರಡು ಮೂರು ತುಂಡು ಮಾಡಿ ಎರಡು ಸಾಲಿನ ನಡುವೆ ಹಾಕಿ ಸಾಕು. ಆದರೆ ಮಳೆಗಾಲದಲ್ಲಿ ಬುಡಕ್ಕೆ ರಾಶಿ ಮಾಡಬೇಡಿ, ಬುಡ ಉಸಿರಾಡಬೇಕು, ಕಣಿ ಕಸದಿಂದ ತುಂಬಿ ನೀರು ನಿಂತರೆ ಬೇರು ಕೊಳೆಯುತ್ತದೆ. ಕೊಳೆರೋಗದಲ್ಲಿ ಉದುರಿದ ಕಾಯಿ ಮಾತ್ರ ಹೊದಿಕೆಯಲ್ಲಿ ಉಳಿಯಬಾರದು, ಹೆಕ್ಕಿ ಹೊರಗೆ ಹಾಕಬೇಕು. ಬೋರ್ಡೋ (ಮೈಲುತುತ್ತು, ಸುಣ್ಣದ ದ್ರಾವಣ) ಬಿಟ್ಟ ಬೆನ್ನಿಗೇ ಟ್ರೈಕೋಡರ್ಮ ಎಂಬ ಉಪಕಾರಿ ಶಿಲೀಂಧ್ರ ಹಾಕಿದರೂ ಪ್ರಯೋಜನ ಇಲ್ಲ, ಮೈಲುತುತ್ತು ಅದನ್ನೂ ಕೊಲ್ಲುತ್ತದೆ. ನಡುವೆ ಅಂತರ ಕೊಡಿ. ಕಾಳುಮೆಣಸು ಇದ್ದರೆ ನೆಲದ ಹೊದಿಕೆ ಇನ್ನೂ ಮುಖ್ಯ. ಸೊರಗು ರೋಗದ ಬೀಜಕಣ ಮಳೆಹನಿಯ ಒಟ್ಟಿಗೆ ಮಣ್ಣಿನಿಂದ ಎಲೆಗೆ ಸಿಡಿಯುತ್ತದೆ, ನೆಲ ಮುಚ್ಚಿದ್ದರೆ ಸಿಡಿಯುವುದು ಕಮ್ಮಿ. ನೆಲದಲ್ಲಿ ಹಬ್ಬಿದ ಮೆಣಸಿನ ಬಳ್ಳಿಗಳನ್ನು ಮೊದಲೇ ಕತ್ತರಿಸಿ ಬಿಡಿ.

ಕುಂಬಳೆ ತೆಂಗು
ತೆಂಗು ಇರುವವರು ಗೊಬ್ಬರ ಗುಂಡಿಯ ಮೇಲೂ ಒಂದು ಕಣ್ಣಿಡಿ. ತೆಂಗಿನ ಸುಳಿ ಕೊರೆಯುವ ಕುರುವಾಯಿ ಹುಳ ಮರಿ ಮಾಡುವುದು ಹಟ್ಟಿಗೊಬ್ಬರದ ರಾಶಿ, ಕೊಳೆತ ತೆಂಗಿನ ಕಾಂಡ, ದಪ್ಪ ಕಸದ ರಾಶಿಯಲ್ಲಿ. ತೆಳ್ಳಗೆ ಹಾಸಿದ ಹೊದಿಕೆಯಲ್ಲಿ ಅಲ್ಲ. ರಾಶಿಯನ್ನು ಆಗಾಗ ಮಗುಚಿ ಬಿಳಿ ದಪ್ಪ ಹುಳ ಕಂಡರೆ ಕೋಳಿಗೆ ಹಾಕಿ. ಮೆಟಾರೈಜಿಯಂ ಶಿಲೀಂಧ್ರ ಗುಂಡಿಗೆ ಬೆರೆಸಿದರೆ ಮರಿಹುಳ ರೋಗ ಬಂದು ಸಾಯುತ್ತದೆ.

ನೀರ್ಚಾಲು ಹಿತ್ತಿಲು · ಆಗಸ್ಟ್
ಹೇಗಾಯ್ತು ಅಂತ ಬರೆಯುತ್ತಿದ್ದೇನೆ. ಕಣಿ ತೆಗೆದೆವು, ಡಾಲಮೈಟ್ ಹಾಕಿದೆವು. ಸೆಣಬು ಪತ್ತನಾಜೆಯ ಮರುವಾರ ಬಿತ್ತಿದ್ದು. ನವಿಲುಗಳು ಬಂದು ಬೀಜ ಹೆಕ್ಕಲು ಶುರುಮಾಡಿದವು, ಮೇಲೆ ಒಣ ಮಡಲು ಹರಡಿ ಮೊಳಕೆ ಬಂದ ಮೇಲೆ ತೆಗೆದೆವು. ಒಂದು ಕಡೆ ಎದೆಮಟ್ಟ ಬಂತು, ಜೆಸಿಬಿ ಜಾಸ್ತಿ ಓಡಾಡಿದ ಬದಿಯಲ್ಲಿ ಮೊಣಕಾಲಿನವರೆಗೆ ಮಾತ್ರ. ಗಂಟು ಸೀಳಿ ನೋಡಿದಾಗ ಒಳಗೆ ನಸುಗೆಂಪು. ಮಗಳು ಅದನ್ನು ಶಾಲೆಗೆ ಕೊಂಡುಹೋಗಿ ಟೀಚರಿಗೆ ತೋರಿಸಿದಳು. ಹೂ ಕಂಡ ಕೂಡಲೇ ಕೊಯ್ದು ಮಲಗಿಸಿದ್ದೇವೆ. ಈ ಸಲ ಅಂಗಳಕ್ಕೆ ಕೆಂಪು ನೀರು ಬರಲಿಲ್ಲ, ಅದೇ ನನಗೆ ದೊಡ್ಡ ಸಮಾಧಾನ.

ಆದರೆ ಹೊದಿಕೆಯ ಅಡಿಯಲ್ಲಿ ಎರೆಹುಳ ಜಾಸ್ತಿಯಾಗಿ, ಈಗ ಕಾಡುಹಂದಿ ರಾತ್ರಿ ಬಂದು ಉತ್ತ ಹಾಗೆ ಮಗುಚುತ್ತದೆ. ಎಂತ ಮಾಡುವುದು?

ಎಣ್ಮಕಜೆ ಬೈಲು
ಹಂದಿಗೆ ಬೇಲಿ ಬಿಟ್ಟು ಬೇರೆ ಮದ್ದಿಲ್ಲ ಅಕ್ಕ. ಹತ್ತು ಸೆಂಟ್ಸ್ ಆದ ಕಾರಣ ಬಲೆ ಬೇಲಿ ಹಾಕಬಹುದು, ಕೆಳಗಿನ ಅಂಚನ್ನು ಮಣ್ಣಿನೊಳಗೆ ಹೂಳಬೇಕು ಅಥವಾ ಮುರಕಲ್ಲು ಒತ್ತಿ ಇಡಬೇಕು, ಇಲ್ಲದಿದ್ದರೆ ಮೂತಿ ತೂರಿಸಿ ಎತ್ತುತ್ತದೆ. ಗ್ಲಿರಿಸಿಡಿಯ ಗೂಟ ಹಿಡಿದಿದ್ದರೆ ಅದಕ್ಕೇ ಬಲೆ ಕಟ್ಟಿ. ನಾಯಿ ಇದ್ದರೆ ಒಳ್ಳೆಯದು.

ಅಡೂರು ಗುಡ್ಡೆ
ತುಂಬಾ ಸಂತೋಷ ಆಯ್ತು. ಮೊಣಕಾಲಿನವರೆಗೆ ಬಂದ ಬದಿಯಲ್ಲಿ ಈ ವರ್ಷ ತರಕಾರಿ ಬೇಡ. ಸೆಪ್ಟೆಂಬರ್ ಕೊನೆಗೆ ಮಳೆ ಇಳಿದಾಗ ಅಲ್ಲಿ ಹುರುಳಿ ಬಿತ್ತಿ. ಹುರುಳಿಗೆ ಜಡಿಮಳೆ ಆಗುವುದಿಲ್ಲ, ಬಡ ಮಣ್ಣು ಆಗುತ್ತದೆ, ಉಳಿದ ತೇವ ಮತ್ತು ತುಲಾ ಮಳೆಯಲ್ಲೇ (ಅಕ್ಟೋಬರ್-ನವೆಂಬರ್ ಹಿಂಗಾರು) ಬೆಳೆಯುತ್ತದೆ. ಎದೆಮಟ್ಟ ಬಂದ ಬದಿಯಲ್ಲಿ ಸಾಲು ಮಾಡಿ, ಗುಂಡಿಗೆ ಮಾತ್ರ ಹಟ್ಟಿಗೊಬ್ಬರ ಕೊಟ್ಟು ಬೇಸಿಗೆಯ ತರಕಾರಿ ಹಾಕಿ. ಇಡೀ ಜಾಗಕ್ಕೆ ಗೊಬ್ಬರ ತರುವ ಖರ್ಚು ಬೇಡ.

ಬೇಸಿಗೆ ಹೊದಿಕೆಗೆ ಸರಿಯಾದ ಸಮಯ ತುಲಾ ಮಳೆಯ ಕೊನೆಯ ಮಳೆ ಬಿದ್ದ ಮರುದಿನ. ಮಣ್ಣು ಒದ್ದೆ ಇರುವಾಗಲೇ ಮುಚ್ಚಬೇಕು. ಜನವರಿಯಲ್ಲಿ ಒಣಗಿದ ಮಣ್ಣನ್ನು ಮುಚ್ಚಿದರೆ ನೀವು ಹಾಕಿದ ನೀರನ್ನು ತರಗೆಲೆಯೇ ಕುಡಿಯುತ್ತದೆ. ಒಂದು ಗೇಣು ದಪ್ಪ ಹಾಕಿ, ಅದು ಕೂತು ನಾಲ್ಕು ಬೆರಳಿಗೆ ಬರುತ್ತದೆ. ಗಿಡದ ಬುಡದ ಸುತ್ತ ಒಂದು ಅಂಗೈ ಅಗಲ ಬಿಡಿ. ಗೆದ್ದಲು ಬಂದರೆ ಹೆದರಬೇಡಿ, ಅದು ತಿನ್ನುವುದು ಒಣ ಎಲೆಯನ್ನು. ಬುಡಕ್ಕೆ ತಾಗದಿದ್ದರೆ, ಸ್ವಲ್ಪ ತೇವ ಇದ್ದರೆ ಜೀವಂತ ಗಿಡಕ್ಕೆ ಬರುವುದು ಕಮ್ಮಿ. ಹೊದಿಕೆ ಸರಿಸುವಾಗ ಬರಿಗೈ ಬೇಡ, ಕೋಲಿನಿಂದ ಸರಿಸಿ, ಹಾವು ಚೇಳು ಇರಬಹುದು.

ಮಂಜೇಶ್ವರ ಹೊಯಿಗೆ
ಸೆಣಬಿನ ಬೀಜ ಎಲ್ಲಿಂದ ತಂದಿರಿ? ನಾನು ಕಳೆದ ವರ್ಷ ಒಂದು ಅಂಗಡಿಯಿಂದ ತಂದದ್ದು ಅರ್ಧವೂ ಮೊಳೆಯಲಿಲ್ಲ.

ನೀರ್ಚಾಲು ಹಿತ್ತಿಲು
ಸಂಬಂಧಿಕರು ಪುತ್ತೂರಿನಿಂದ ತಂದುಕೊಟ್ಟದ್ದು. ಮೊದಲು ಒಂದು ಮುಷ್ಟಿ ಬೀಜವನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿ ಮೊಳಕೆ ನೋಡಿದೆವು, ಸರಿ ಇದೆ ಅಂತ ಆದ ಮೇಲೆ ಬಿತ್ತಿದ್ದು. ಈ ಸಲ ಬದಿಯ ಒಂದು ಸಾಲನ್ನು ಕೊಯ್ಯದೆ ಬಿಟ್ಟಿದ್ದೇನೆ. ಬಿಸಿಲು ಬಂದಾಗ ಕಾಯಿ ಒಣಗಿದರೆ ಬೀಜ ಬಿಡಿಸಿ ಬೂದಿ ಬೆರೆಸಿ ಇಡುತ್ತೇನೆ. ಮೊಳಕೆ ಸರಿ ಬಂದರೆ ಏಪ್ರಿಲ್‌ನಲ್ಲಿ ಇಲ್ಲೇ ತಿಳಿಸುತ್ತೇನೆ, ಬೇಕಾದವರು ಹೇಳಿ, ಇದ್ದದ್ದನ್ನು ಹಂಚಿಕೊಳ್ಳೋಣ.